ನಾಲ್ಕೂವರೆಯ ಬಸ್ಸು, ಇನ್ನೂರು ಮೀಟರ್ ಟ್ರ್ಯಾಕು

ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ದೈಹಿಕ ಶಿಕ್ಷಣ ನಿರ್ದೇಶಕಿ. ಮಕ್ಕಳ ಬಾಯಲ್ಲಿ ಪಿ.ಇ. ಮೇಡಂ. ಕಾಲೇಜಿಗೆ ಕ್ರೀಡಾ ಸೌಲಭ್ಯ ಬೇಕು ಎಂದ ಕೂಡಲೇ ಸಿಂಥೆಟಿಕ್ ಟ್ರ್ಯಾಕ್, ಒಳಾಂಗಣ ಕ್ರೀಡಾಂಗಣ, ಮಲ್ಟಿ ಜಿಮ್ ಮಾತು ಬರುತ್ತದೆ. ಅವೆಲ್ಲ ನಮಗೂ ಬೇಕು, ಕೇಳುತ್ತಲೂ ಇದ್ದೇವೆ. ಆದರೆ ನಮ್ಮ ಮಕ್ಕಳು ಅಂತರ ಕಾಲೇಜು ಕೂಟದಲ್ಲಿ ಹೀಟ್ಸ್ ಎಂಬ ಆರಂಭಿಕ ಸುತ್ತು ದಾಟಿ ಫೈನಲ್‌ಗೆ ಬರತೊಡಗಿದ್ದು ಅವು ಬರುವ ಮೊದಲೇ. ಅದಕ್ಕೆ ನಾವು ಏನೇನು ಮಾಡಿದೆವು ಎಂಬುದನ್ನು ಬರೆಯುತ್ತೇನೆ. ನಮ್ಮಂಥ ಕಾಲೇಜುಗಳಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾದೀತು.

ನಾನು ಮೊದಲು ಹಿಡಿದದ್ದು ಮೈದಾನವನ್ನಲ್ಲ, ಬಸ್ಸಿನ ವೇಳಾಪಟ್ಟಿಯನ್ನು. ನಮ್ಮಲ್ಲಿ ಓಡಬಲ್ಲ ಮಕ್ಕಳಲ್ಲಿ ಬಹುಪಾಲು ಹಳ್ಳಿಯವರು. ತರಗತಿ ಮುಗಿಯುವುದು ನಾಲ್ಕಕ್ಕೆ, ಹಲವು ಹಳ್ಳಿಗಳಿಗೆ ನಾಲ್ಕೂವರೆಯ ಬಸ್ಸು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಸಂಜೆ ಅಭ್ಯಾಸ ಎಂದು ನೋಟಿಸ್ ಹಾಕಿದರೆ ಬರುವವರು ಊರಲ್ಲೇ ಇರುವ ಹುಡುಗರು ಮಾತ್ರ. ಒಬ್ಬ ತಾಯಿ ನೇರವಾಗಿಯೇ ಕೇಳಿದರು: "ಕತ್ತಲಾದ ಮ್ಯಾಲೆ ಬಸ್ ಇಳ್ಕೊಂಡು ಒಬ್ಳೇ ಹೆಂಗ್ ಬರ್ತಾಳೆ ಮೇಡಂ?" ಆ ಪ್ರಶ್ನೆಗೆ ಯಾವ ತರಬೇತಿ ಕೈಪಿಡಿಯಲ್ಲೂ ಉತ್ತರವಿಲ್ಲ. ಮಕ್ಕಳ ಊರು, ಹತ್ತುವ ಬಸ್ಸು, ತಲುಪುವ ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಬೆಳಿಗ್ಗೆ ಏಳೂವರೆಯ ಹೊತ್ತಿಗೆ ಹೆಚ್ಚಿನವರು ಬರಬಹುದು ಎಂದು ಕಂಡಿತು. ಅಭ್ಯಾಸವನ್ನು ಪೂರ್ತಿ ಬೆಳಿಗ್ಗೆಗೆ ತಂದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಸಾಮಾನ್ಯ ಸಾರಿಗೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದ ಮೇಲೆ, ಒಂದು ಬಸ್ಸು ಬಿಟ್ಟು ಇನ್ನೊಂದು ಮಾರ್ಗದಲ್ಲಿ ಬೇಗ ಬರುವುದು ಹುಡುಗಿಯರಿಗೆ ಸುಲಭವಾಯಿತು. ನಮ್ಮ ತಂಡದಲ್ಲಿ ಹುಡುಗಿಯರ ಸಂಖ್ಯೆ ಏರಿದ್ದರ ಹಿಂದೆ ಈ ಬಸ್ಸಿನ ಪಾಲು ದೊಡ್ಡದು.

ಎರಡನೆಯದು ಹುಡುಗಿಯರಿಗೊಂದು ಕೋಣೆ. ಮೈದಾನದ ಪಕ್ಕ ಬೀಗ ಹಾಕಿದ್ದ ಹಳೆಯ ಸ್ಟೋರ್ ರೂಮನ್ನು ಖಾಲಿ ಮಾಡಿಸಿ, ಚಿಲಕ ಸರಿಪಡಿಸಿ, ನೀರಿನ ಪೈಪು ಎಳೆಸಿ, ಹುಡುಗಿಯರು ಬಟ್ಟೆ ಬದಲಿಸುವ ಕೋಣೆ ಮಾಡಿದೆವು. ಚೂಡಿದಾರದಲ್ಲೇ ಓಡುತ್ತಿದ್ದವರು ಟ್ರ್ಯಾಕ್ ಪ್ಯಾಂಟಿಗೆ ಬಂದದ್ದು ಆ ಕೋಣೆಯಿಂದ. ಕಾಲೇಜಿನ ಕ್ರೀಡಾ ಸೌಲಭ್ಯಗಳ ಪಟ್ಟಿಯಲ್ಲಿ ಇದನ್ನು ಎಲ್ಲಕ್ಕಿಂತ ಮೇಲೆ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಮೈದಾನ. ನಮ್ಮದು ಸುಮಾರು 110 ಮೀಟರ್ ಉದ್ದ, 55 ಮೀಟರ್ ಅಗಲ. ಇದರಲ್ಲಿ 400 ಮೀಟರ್ ಟ್ರ್ಯಾಕ್ ಹಿಡಿಸುವುದಿಲ್ಲ. 200 ಮೀಟರಿನದು ಚೆನ್ನಾಗಿ ಕೂರುತ್ತದೆ. ಲೆಕ್ಕ ಹೀಗೆ: ಎರಡು ನೇರ ಭಾಗ ತಲಾ 50 ಮೀಟರ್, ಎರಡು ತಿರುವು ತಲಾ 50 ಮೀಟರ್. ತಿರುವಿನಲ್ಲಿ ಓಟದ ತ್ರಿಜ್ಯ 15.92 ಮೀಟರ್ ಬರುತ್ತದೆ. ಟ್ರ್ಯಾಕಿನ ಒಳ ಅಂಚಿಗೆ ಕಟ್ಟೆ ಇಲ್ಲದೆ ಬರೀ ಗೆರೆ ಹಾಕುವಾಗ ಓಟದ ಅಳತೆಯನ್ನು ಒಳಗೆರೆಯಿಂದ 20 ಸೆಂಟಿಮೀಟರ್ ಆಚೆ ಹಿಡಿಯಬೇಕಾದ್ದರಿಂದ ಹಗ್ಗವನ್ನು 15.72ಕ್ಕೆ ಕಟ್ಟಿ ಗೆರೆ ಎಳೆಯಬೇಕು. ಲೇನ್ ಅಗಲ 1.22 ಮೀಟರ್. ಆರು ಲೇನ್ ಹಾಕಿದರೆ ಒಟ್ಟು ಉದ್ದ 96 ಮೀಟರ್, ಅಗಲ 46 ಮೀಟರ್ ಸಾಕು. ಒಂದು ಸುತ್ತಿನ ಓಟಕ್ಕೆ ಪ್ರತಿ ಲೇನಿನ ಸ್ಟ್ಯಾಗರ್, ಅಂದರೆ ಒಳಲೇನಿಗಿಂತ ಅದರ ಹೊರಲೇನಿನವರನ್ನು ಮುಂದೆ ನಿಲ್ಲಿಸುವ ಅಂತರ, 7.67 ಮೀಟರ್. ಎರಡು ತಿರುವುಗಳ ಕೇಂದ್ರಬಿಂದುಗಳಲ್ಲಿ ಕಬ್ಬಿಣದ ಗೂಟವನ್ನು ನೆಲಮಟ್ಟಕ್ಕೆ ಹೂತು ಕಾಂಕ್ರೀಟ್ ಹಾಕಿಸಿಬಿಟ್ಟೆವು. ಮಳೆ ಬಂದು ಗೆರೆ ಅಳಿಸಿದರೂ ಮತ್ತೆ ಅಳೆಯುವ ಕೆಲಸವಿಲ್ಲ, ಮಕ್ಕಳೇ ಹಗ್ಗ ಕಟ್ಟಿ ಹಾಕಿಕೊಳ್ಳುತ್ತಾರೆ. ಗೆರೆಗೆ ಸುಟ್ಟ ಸುಣ್ಣ ಬಳಸಬಾರದು, ಕಣ್ಣಿಗೆ, ಚರ್ಮಕ್ಕೆ ಸುಡುತ್ತದೆ. ಸೀಮೆಸುಣ್ಣದ ಪುಡಿಯೇ ಸರಿ.

ನೂರು ಮೀಟರ್ ಓಟಕ್ಕೆ ಹಿಂದೆ 3 ಮೀಟರ್, ಮುಗಿದ ಮೇಲೆ ನಿಲ್ಲಲು 17 ಮೀಟರ್ ಜಾಗ ಬೇಕು, ಒಟ್ಟು 120. ನಮ್ಮ ಉದ್ದಕ್ಕೆ ಅದು ಸಾಲದು. ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 123 ಮೀಟರ್ ಸಿಗುತ್ತದೆ. ಅಲ್ಲಿ ಎರಡು ಲೇನ್ ಹಾಕಿ ಸ್ಪ್ರಿಂಟರ್‌ಗಳಿಗೆ ಕೊಟ್ಟೆವು. ತಿರುವಿನಲ್ಲಿ ಓಡಿ ಓಡಿ ಒಂದೇ ಪಾದದ ಮೇಲೆ ಭಾರ ಬೀಳುವುದೂ ತಪ್ಪಿತು. ಸಣ್ಣ ಟ್ರ್ಯಾಕಿನ ತಿರುವು ಬಿಗಿಯಾಗಿರುವುದರಿಂದ ದೂರದ ಓಟದವರನ್ನು ವಾರದಲ್ಲಿ ಕೆಲವು ದಿನ ಎದುರು ದಿಕ್ಕಿನಲ್ಲಿ ಓಡಿಸುತ್ತೇನೆ.

ನೆಲ ಗಟ್ಟಿ. ಮುಂಗಾಲ ಎಲುಬಿನ ನೋವು, ಮಕ್ಕಳು ಶಿನ್ ಪೇನ್ ಅನ್ನುವುದು, ನಮ್ಮಲ್ಲಿ ಸೀಸನ್ ಶುರುವಾದ ಕೂಡಲೇ ಬರುತ್ತಿತ್ತು. ರೋಲರ್ ಹೊಡೆಸುವ ಮುಂಚೆ ನೆಲವನ್ನು ಎರಡಿಂಚು ಕೆದಕಿಸಿ, ಕಲ್ಲು ಆರಿಸಿ, ಕೆಂಪು ಮಣ್ಣಿಗೆ ಮರಳು ಬೆರೆಸಿ, ನೀರು ಹಾಯಿಸಿ, ಆಮೇಲೆ ಹಗುರ ರೋಲರ್ ಹೊಡೆಸಿದೆವು. ಓಟದ ಪ್ರಮಾಣವನ್ನು ಒಂದೇ ವಾರದಲ್ಲಿ ಏರಿಸದೆ ನಿಧಾನವಾಗಿ ಏರಿಸುವುದು ಇದಕ್ಕಿಂತಲೂ ಮುಖ್ಯ. ಉದ್ದ ಜಿಗಿತದ ಗುಂಡಿ 2.75 ಮೀಟರ್ ಅಗಲ, ರನ್‌ವೇ 40 ಮೀಟರ್. ಅಭ್ಯಾಸಕ್ಕೆ ಮುಂಚೆ ಮರಳನ್ನು ಗುದ್ದಲಿಯಿಂದ ಅಗೆದು ನೀರು ಚಿಮುಕಿಸಲೇಬೇಕು. ಗಟ್ಟಿಯಾದ ಮರಳಿಗೆ ಬಿದ್ದ ಹಿಮ್ಮಡಿ ಆ ವರ್ಷ ಮತ್ತೆ ಸರಿಹೋಗುವುದು ಕಷ್ಟ.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಊಟಕ್ಕೆ. ಏಳೂವರೆಗೆ ಬರುವ ಮಗು ಮನೆಯಿಂದ ಹೊರಡುವುದು ಆರೂವರೆಗೆ, ಬಹಳಷ್ಟು ಸಲ ಬರೀ ಟೀ ಕುಡಿದು. ಓಡಿದ ಮೇಲೆ ಮಧ್ಯಾಹ್ನದ ಡಬ್ಬಿಯವರೆಗೆ ಹೊಟ್ಟೆಗೆ ಏನೂ ಇಲ್ಲ. ಇಂಥ ಮಗುವಿಗೆ ಎಂಥ ಕೋಚ್ ಬಂದರೂ ಏನು ಮಾಡಬಲ್ಲರು? ಕ್ರೀಡಾಪಟುವಿಗೆ ದಿನಕ್ಕೆ ದೇಹತೂಕದ ಕಿಲೋಗೆ ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕು, ಐವತ್ತು ಕಿಲೋ ಇರುವವರಿಗೆ 60 ಗ್ರಾಂ. ಡಬ್ಬದ ಪುಡಿ ಇಲ್ಲದೆಯೂ ಅದು ನಮ್ಮ ಸೀಮೆಯಲ್ಲೇ ಸಿಗುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ ಏಳೆಂಟು ಗ್ರಾಂ, ಹುರುಳಿ, ಅಲಸಂದೆ, ಮಜ್ಜಿಗೆ ಬೇರೆ. ರಾಗಿಯ 100 ಗ್ರಾಮಿನಲ್ಲಿ 340 ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ. ಹಳೇ ವಿದ್ಯಾರ್ಥಿಗಳು, ನಾಲ್ಕಾರು ಉಪನ್ಯಾಸಕರು ಸೇರಿ ತಿಂಗಳಿಗಿಷ್ಟು ಎಂದು ಹಾಕಿದರು. ಅಭ್ಯಾಸ ಮುಗಿದ ಕೂಡಲೇ ಎರಡು ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮೊಟ್ಟೆ ತಿನ್ನದವರಿಗೆ ನೆನೆಸಿದ ಶೇಂಗಾ, ಬೆಲ್ಲ. ಬಿಸಿಎಂ ಹಾಸ್ಟೆಲ್‌ನ ಮಕ್ಕಳಿಗೆ ತಿಂಡಿ ಎತ್ತಿಡುವಂತೆ ವಾರ್ಡನ್ ಅವರ ಹತ್ತಿರ ಹೋಗಿ ಕೇಳಿದೆ, ಅವರು ಸಂತೋಷದಿಂದ ಒಪ್ಪಿದರು. ಎಂಟು ನೂರು ಮೀಟರಿನ ಎರಡನೇ ಸುತ್ತಿನಲ್ಲಿ ಕುಸಿಯುತ್ತಿದ್ದವರ ಕಾಲು ಈ ಮೊಟ್ಟೆಯಿಂದಲೇ ನಿಂತಿತು ಎನ್ನಲಾರೆ, ಆದರೆ ವಾರದ ಕೊನೆಯಲ್ಲಿ ಸುಸ್ತು ಎಂದು ತಪ್ಪಿಸಿಕೊಳ್ಳುವವರು ಕಡಿಮೆಯಾದರು.

ಹುಡುಗಿಯರ ವಿಷಯದಲ್ಲಿ ಇನ್ನೊಂದು ಹೆಜ್ಜೆ. ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ನಮ್ಮ ತಂಡ ಅದರಿಂದ ಹೊರತಾಗಲು ಸಾಧ್ಯವೇ? ಸೀಸನ್ನಿಗೆ ಮುಂಚೆ ಎಲ್ಲರನ್ನೂ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುತ್ತೇನೆ. ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಚೆನ್ನಾಗಿ ಓಡುತ್ತಿದ್ದ ಒಬ್ಬಳು ಕೊನೆಯ ಇನ್ನೂರು ಮೀಟರಿನಲ್ಲಿ ಸದಾ ಹಿಂದೆ ಬೀಳುತ್ತಿದ್ದಳು, "ಮನಸ್ಸು ಗಟ್ಟಿ ಇಲ್ಲ" ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳದು ಒಂಬತ್ತರ ಆಸುಪಾಸಿನಲ್ಲಿತ್ತು. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆ, ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿ, ಮಾತ್ರೆಯ ಆಚೀಚೆ ಒಂದು ಗಂಟೆ ಟೀ ಕಾಫಿ ಇಲ್ಲ. ಕೆಲವು ತಿಂಗಳಲ್ಲಿ ಅವಳ ಓಟವೇ ಬೇರೆಯಾಯಿತು. ಮುಟ್ಟಿನ ದಿನಾಂಕವನ್ನು ತಮ್ಮ ಅಭ್ಯಾಸದ ಪುಸ್ತಕದಲ್ಲಿ ಬರೆದಿಡಲು ಹೇಳಿದ್ದೇನೆ. ಸತತ ಮೂರು ತಿಂಗಳು ಬಾರದಿದ್ದರೆ ಓಟಕ್ಕೆ ತಕ್ಕ ಊಟ ಸಾಲುತ್ತಿಲ್ಲ ಎಂಬ ಸೂಚನೆ ಇರಬಹುದು. ಆಗ ಓಟ ತಗ್ಗಿಸಿ ವೈದ್ಯರ ಹತ್ತಿರ ಹೋಗುವುದೇ.

ಹಾಜರಾತಿಯ ಕೆಲಸ ಕಾಗದದ್ದು, ಆದರೆ ಬಿಡುವಂತಿಲ್ಲ. 75 ಶೇಕಡಾ ಹಾಜರಾತಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಲಾಗದು ಎಂಬ ಭಯಕ್ಕೆ ಬಿಟ್ಟುಹೋದ ಮಕ್ಕಳನ್ನು ಕಂಡಿದ್ದೇನೆ. ಸೆಮಿಸ್ಟರ್ ಆರಂಭದಲ್ಲೇ ತಂಡದ ಪಟ್ಟಿ, ಕೂಟಗಳ ದಿನಾಂಕ ಪ್ರಾಂಶುಪಾಲರ ಸಹಿಯೊಂದಿಗೆ ಎಲ್ಲ ವಿಭಾಗಗಳಿಗೆ ಹೋಗುತ್ತದೆ. ಕೂಟದ ದಿನ ಟೆಸ್ಟ್ ಇದ್ದರೆ ಮರುಟೆಸ್ಟ್. ಕೂಟದಿಂದ ಬಂದ ಮರುದಿನವೇ ಪ್ರಮಾಣಪತ್ರದ ಪ್ರತಿ ಕಚೇರಿಗೆ. ಆ ಮರುದಿನ ತಪ್ಪಿದರೆ ಸೆಮಿಸ್ಟರ್ ಕೊನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

2020ರ ಜನವರಿಯಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ನೋಡಲು ಕೆಲವು ಮಕ್ಕಳೊಂದಿಗೆ ಹೋಗಿದ್ದೆ. ಅವರಿಗೆ ಸಿಂಥೆಟಿಕ್ ಟ್ರ್ಯಾಕ್ ಹತ್ತಿರದಿಂದ ಕಂಡದ್ದು ಅದೇ ಮೊದಲು. ನಾನು ಹೆಚ್ಚು ಗಮನವಿಟ್ಟು ನೋಡಿದ್ದು ಒಳ್ಳೆಯ ತಂಡಗಳ ಮಕ್ಕಳು ಓಟದ ನಡುವೆ ಎಲ್ಲಿ ಕೂರುತ್ತಾರೆ, ಏನು ತಿನ್ನುತ್ತಾರೆ, ಯಾರು ನೀರು ಕೊಡುತ್ತಾರೆ ಎಂಬುದನ್ನು. ಮಣ್ಣಿನ ಮೇಲೆ ಮಾತ್ರ ಓಡಿದವರಿಗೆ ಸಿಂಥೆಟಿಕ್ ಮೇಲೆ ಮೊದಲ ದಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಹಾಗಾಗಿ ವಿಶ್ವವಿದ್ಯಾಲಯದ ಆಯ್ಕೆಗೆ ಮುಂಚೆ ಅಂಥ ಟ್ರ್ಯಾಕ್ ಇರುವ ಊರಿಗೆ ಕರೆದೊಯ್ದು ಸ್ಪೈಕ್ಸ್ (ಮೊಳೆ ಬೂಟು) ಹಾಕಿಸಿ ಮೆಲ್ಲಗೆ ಓಡಿಸುತ್ತೇನೆ. ಅಲ್ಲಿ ಸ್ಪೈಕ್ಸ್ ಮೊಳೆ 9 ಮಿಲಿಮೀಟರ್ ಮೀರಬಾರದು, ಎತ್ತರ ಜಿಗಿತ, ಜಾವೆಲಿನ್‌ಗೆ 12. ಮಣ್ಣಿಗೆ ಹಾಕಿದ ಉದ್ದ ಮೊಳೆಗಳನ್ನು ಬಿಚ್ಚಿ ಬದಲಿಸಲು ಕೀಲಿ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ.

ಔಷಧಿಯ ಬಗ್ಗೆ ನಾನು ಕಟ್ಟುನಿಟ್ಟು. ನೆಗಡಿ ಮಾತ್ರೆಗಳಲ್ಲಿ ಬರುವ ಸ್ಯೂಡೋಎಫಿಡ್ರಿನ್, ಅಲರ್ಜಿಗೆ ನುಂಗುವ ಪ್ರೆಡ್ನಿಸೋಲೋನ್‌ನಂಥವು ಸ್ಪರ್ಧೆಯ ಹೊತ್ತಿಗೆ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ತೊಂದರೆ ತರಬಲ್ಲವು. ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿಯಲ್ಲಿ ಏನಿದೆ ಎಂದು ಡಬ್ಬದ ಮೇಲೆ ಬರೆದದ್ದನ್ನು ನಂಬುವಂತಿಲ್ಲ. ವೈದ್ಯರ ಮುಂದೆ ಕೂತಾಗ "ನಾನು ಕ್ರೀಡಾಪಟು, ನಾಡಾ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿ ಇದೆ" ಎಂಬ ಮಾತನ್ನು ಮೊದಲು ಹೇಳಲು ಪ್ರತಿ ಮಗುವಿಗೂ ಕಲಿಸಿದ್ದೇನೆ.

ಈಗ ಕೈಯಲ್ಲಿರುವ ಕೆಲಸ ಮೈದಾನದ ಪಶ್ಚಿಮ ಅಂಚಿಗೆ ಹೊಂಗೆ ಸಸಿಗಳ ಸಾಲು, ಮತ್ತು ಶಾಟ್‌ಪುಟ್‌ಗೆ 2.135 ಮೀಟರ್ ವ್ಯಾಸದ ಸಿಮೆಂಟ್ ವೃತ್ತ. ವೃತ್ತಕ್ಕೆ ಕಬ್ಬಿಣದ ಬಳೆಯನ್ನು ಊರಿನ ವೆಲ್ಡಿಂಗ್ ಅಂಗಡಿಯವರು ಮಾಡಿಕೊಡಲು ಒಪ್ಪಿದ್ದಾರೆ. ಸೀಸನ್ ಶುರುವಾಗುವ ಮೊದಲು ಸಿಮೆಂಟ್ ಹಾಕಿಸಬೇಕು.