‘ಸ್ಕೇರ್ ಆಫ್’ ನಾನು ಕಲಿಸುವುದು ಹೀಗೆ

ಇಂಗ್ಲಿಷ್ ಕಲಿಯಲು ಬರುವ ದೊಡ್ಡವರಿಗೆ ‘ಸ್ಕೇರ್ ಆಫ್’ ಹೇಳಿಕೊಡುವಾಗ ನಾನು ನಿಘಂಟಿನಿಂದ ಶುರು ಮಾಡುವುದಿಲ್ಲ. ‘ಹೆದರಿಸಿ ಓಡಿಸು’ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಇದರಲ್ಲಿ ಎರಡು ಕೆಲಸ ಇವೆ ಅಲ್ವಾ? ಹೆದರಿಸುವುದು ‘ಸ್ಕೇರ್’ ಪಾಲಿಗೆ, ಓಡಿಸುವುದು ಪೂರ್ತಿ ಆ ಪುಟ್ಟ ‘ಆಫ್’ ಪಾಲಿಗೆ. ‘ದಿ ಡಾಗ್ ಸ್ಕೇರ್ಡ್ ದಿ ಥೀಫ್’ ಅಂದರೆ ಕಳ್ಳ ಹೆದರಿದ, ಅಷ್ಟೇ. ಅಲ್ಲೇ ನಡುಗುತ್ತಾ ನಿಂತಿರಲೂಬಹುದು. ಕೊನೆಗೆ ‘ಆಫ್’ ಸೇರಿಸಿ ನೋಡಿ, ಕಾಲಿಗೆ ಬುದ್ಧಿ ಹೇಳಿದ ಅಂತ ಅರ್ಥ.

ಆಮೇಲೆ ಪದಗಳ ಜಾಗ. ‘ಸ್ಕೇರ್ ಆಫ್ ದಿ ಥೀಫ್’, ‘ಸ್ಕೇರ್ ದಿ ಥೀಫ್ ಆಫ್’ ಎರಡೂ ಸರಿ. ಆದರೆ ಕಳ್ಳನ ಬದಲು ‘ಹಿಮ್’ ಬಂದರೆ ಅದು ನಡುವೆಯೇ ಕೂರಬೇಕು: ‘ಸ್ಕೇರ್ ಹಿಮ್ ಆಫ್’. ಇದಕ್ಕೆ ವಿವರಣೆಗಿಂತ ಜೋರಾಗಿ ಹೇಳಿಸುವುದೇ ಒಳ್ಳೆಯದು. ಕಿವಿಗೆ ಒಮ್ಮೆ ಒಗ್ಗಿದರೆ ಬಾಯಿ ತಪ್ಪುವುದಿಲ್ಲ.

ನಾನು ಜಾಸ್ತಿ ಹೊತ್ತು ನಿಲ್ಲುವುದು ಇನ್ನೊಂದು ಕಡೆ. ‘ಸ್ಕೇರ್ಡ್ ಆಫ್ ಡಾಗ್ಸ್’ ಅಂದರೆ ನಾಯಿ ಕಂಡರೆ ಭಯ. ಇಲ್ಲಿರುವುದು ಒಂದೇ ಎಫ್ ಇರುವ ಪದ. ನಾವು ಕನ್ನಡದಲ್ಲಿ ಎರಡನ್ನೂ ‘ಆಫ್’ ಎಂದೇ ಬರೆಯುತ್ತೇವೆ, ಹಾಗೇ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಒಂದು ಎಫ್ ಇರುವುದು ಹಗುರವಾಗಿ ‘ಅವ್’ ಎಂದು ಕೇಳಿಸುತ್ತದೆ, ಎರಡು ಎಫ್ ಇರುವುದು ಒತ್ತಿ ‘ಆಫ್’. ಮೊದಲನೆಯದರಲ್ಲಿ ಭಯಪಟ್ಟವರು ನಾವು. ಎರಡನೆಯದರಲ್ಲಿ ಯಾರನ್ನೋ ಓಡಿಸಿದ್ದೇವೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸುತ್ತೇನೆ.

‘ಸ್ಕೇರ್ ಅವೇ’ಗೂ ಹೆಚ್ಚುಕಡಿಮೆ ಇದೇ ಅರ್ಥ. ಹಕ್ಕಿ, ಕಳ್ಳ, ಯಾರಿಗಾದರೂ ನಡೆಯುತ್ತದೆ. ನನಗೆ ಇಷ್ಟವಾದ ಬಳಕೆ ಮಾತ್ರ ಬೇರೆ: ‘ದಿ ಪ್ರೈಸ್ ಸ್ಕೇರ್ಡ್ ಬಯರ್ಸ್ ಆಫ್’. ಇಲ್ಲಿ ಯಾರೂ ಓಡಿಲ್ಲ. ಬೆಲೆ ನೋಡಿ ಕೊಳ್ಳುವವರು ಹಿಂದೇಟು ಹಾಕಿದರು, ಅಷ್ಟೇ. ಸುದ್ದಿಯಲ್ಲಿ ಹೂಡಿಕೆದಾರರ ಬಗ್ಗೆ ಬರೆಯುವಾಗ ಹೀಗೇ ಬರುತ್ತದೆ. ಇದು ತಿಳಿಯದೆ ‘ಹೆದರಿಸಿ ಓಡಿಸು’ ಒಂದನ್ನೇ ಹಿಡಿದುಕೊಂಡರೆ ವಾಕ್ಯ ವಿಚಿತ್ರವಾಗುತ್ತದೆ.

ಇದು ಕೈಗೆ ಬಂದ ಮೇಲೆ ‘ಸ್ಕೇರ್ ಇನ್‌ಟು’ ಸುಲಭ. ‘ದೇ ಸ್ಕೇರ್ಡ್ ಹಿಮ್ ಇನ್‌ಟು ಸೈನಿಂಗ್’ ಅಂದರೆ ಹೆದರಿಸಿ ಸಹಿ ಹಾಕಿಸಿದರು. ‘ಸ್ಕೇರ್ ಅಪ್’ ಮಾತ್ರ ಕೊನೆಗೆ ಇಟ್ಟುಕೊಳ್ಳುತ್ತೇನೆ. ಪೊದೆಯಲ್ಲಿ ಅಡಗಿದ ಬೇಟೆಯನ್ನು ಬೆದರಿಸಿ ಎಬ್ಬಿಸುವುದಕ್ಕೆ ಹಾಗನ್ನುತ್ತಾರೆ. ಆದರೆ ಅಮೆರಿಕದ ಆಡುಮಾತಿನಲ್ಲಿ ಅದಕ್ಕೆ ಇದ್ದುದರಲ್ಲೇ ಹೇಗೋ ಹುಡುಕಿ ಹೊಂದಿಸುವುದು ಎಂಬ ಅರ್ಥವೂ ಇದೆ. ಅಲ್ಲಿ ಭಯದ ಸುಳಿವೇ ಇಲ್ಲ.