ಅಂಗಳದಲ್ಲಿ ಏಕತಾಳ

2020ರ ಫೆಬ್ರವರಿ ಕೊನೆಗೆ ನನಗೆ ಸ್ಟ್ರೋಕ್ ಆಯಿತು. ಮೆದುಳಿನ ಬಲಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿ, ಎಡಗೈ ಎಡಗಾಲು ಸೋತವು. ಮಾತು ಉಳಿಯಿತು. ಮಾಷ್ಟ್ರಾಗಿದ್ದವನಿಗೆ ಅದೊಂದು ಸಮಾಧಾನ. ಮನೆಯವರಿಗೆ ಅಷ್ಟೇನೂ ಅಲ್ಲ.

ಮಂಗಳೂರಿನ ಆಸ್ಪತ್ರೆಯಿಂದ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ಕರೆತಂದರು. ವಾರಕ್ಕೆ ಮೂರು ಸಲ ಫಿಸಿಯೋಥೆರಪಿಗೆ ಬರಬೇಕು ಅಂದಿದ್ದರು. ಎರಡು ವಾರ ಹೋದೆ. ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚ್ ಕೊನೆಗೆ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಒಳದಾರಿಗಳಿಗೂ ಮಣ್ಣು ಸುರಿದರು. ಕಾಸರಗೋಡಿನವರಿಗೆ ಮದುವೆ ಸೀರೆಗೂ ಮಂಗಳೂರು, ಆಸ್ಪತ್ರೆಗೂ ಮಂಗಳೂರು. ಆ ಮಂಗಳೂರು ಒಂದೇ ದಿನದಲ್ಲಿ ಪರದೇಶವಾಯಿತು.

ಆಮೇಲೆ ಎಲ್ಲವೂ ಫೋನಿನಲ್ಲಿ. ಫಿಸಿಯೋ ಹುಡುಗಿ ಮಲಯಾಳಿ, ವಿಡಿಯೋದಲ್ಲಿ "ಒನ್ನ್, ರಂಡ್" ಅಂತ ಎಣಿಸುತ್ತಿದ್ದಳು. ನನ್ನ ನಡಿಗೆಯ ದೋಷ ಅವಳಿಗೆ ಕೂಡಲೇ ಗೊತ್ತಾಯಿತು. ಬಲಗಾಲು ಬೇಗ ಬೇಗ ಬಂದು ಊರುತ್ತಿತ್ತು, ಎಡಗಾಲು ಎಳೆದುಕೊಂಡು ನಿಧಾನಕ್ಕೆ ಬರುತ್ತಿತ್ತು. ಎರಡರ ನಡುವಿನ ಹೊತ್ತು ಸಮ ಆಗಬೇಕು ಅಂದಳು. ಮೊಬೈಲಿಗೆ ಮೆಟ್ರೊನೋಮ್ ಅನ್ನುವ, ಲಯ ಎಣಿಸುವ ಆ್ಯಪ್ ಹಾಕಿಸಿದಳು. ಅದರ ಟಿಕ್ ಟಿಕ್ ಕೇಳಿದರೆ ನನಗೆ ಪರೀಕ್ಷೆ ಹಾಲಿನ ಗಡಿಯಾರ ನೆನಪಾಗಿ ಮೈ ಇನ್ನೂ ಬಿಗಿಯುತ್ತಿತ್ತು.

"ಮಾಷೇ, ನಿಮಗೆ ಹಾಡು ಗೀಡು ಏನಾದರೂ ಬರ್ತದಾ?" ಅಂತ ಒಂದು ದಿನ ಕೇಳಿದಳು. ಮೂವತ್ತು ವರ್ಷ ಹವ್ಯಾಸಿ ತಾಳಮದ್ದಳೆಗಳಲ್ಲಿ (ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ) ಮದ್ದಳೆ ಬಾರಿಸಿದವನ ಹತ್ತಿರ ಕೇಳುವ ಪ್ರಶ್ನೆಯಾ ಇದು! ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಮಗೆ ದೂರವೂ ಅಲ್ಲ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಬದಿಗೆ ಸರಿಸಿ, ಇಪ್ಪತ್ತು ಹೆಜ್ಜೆಯಷ್ಟು ಉದ್ದದ ದಾರಿ ಮಾಡಿಸಿದೆ. ಹೆಂಡತಿ ಭಜನೆಯ ತಾಳ ಹಿಡಿದು ಜಗಲಿಯಲ್ಲಿ ಕೂತಳು. ಮಗ ನನ್ನ ಎಡಗಡೆ, ಸೊಂಟದ ಬೆಲ್ಟಿಗೆ ಕೈ ಹಾಕಿಕೊಂಡು. ಬೀಳುವುದಾದರೆ ಸೋತ ಕಡೆಗೇ ಜಾಸ್ತಿ ಬೀಳುವುದು, ಅದಕ್ಕೆ.

ಮೊದಲ ದಿನವೇ ತಪ್ಪು ಮಾಡಿದೆ. ಅಭ್ಯಾಸದಂತೆ ತಾಳವನ್ನು ಯುದ್ಧದ ಪದದ ವೇಗಕ್ಕೆ ಏರಿಸಲು ಹೇಳಿದೆ. ಹತ್ತು ಹೆಜ್ಜೆಗೆ ಎಡವಿದೆ. ಮಗ ಹಿಡಿದ. "ಎಂತ ಅವಸರ ನಿಂಗೊಗೆ?" ಅಂತ ಹೆಂಡತಿ ತಾಳ ಕೆಳಗಿಟ್ಟಳು.

ಸರಿಯಾದ ಕ್ರಮವನ್ನು ಫಿಸಿಯೋ ಹೇಳಿಕೊಟ್ಟಳು. ಮೊದಲು ತಾಳ ಇಲ್ಲದೆ ನಡೆದು, ಒಂದು ನಿಮಿಷಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸಬೇಕು. ನನ್ನದು 46. ಆರೋಗ್ಯವಂತರು ಸಾಮಾನ್ಯವಾಗಿ 100ರಿಂದ 120 ಹೆಜ್ಜೆ ಹಾಕುತ್ತಾರೆ. ತಾಳವನ್ನು ಮೊದಲು ಅದೇ 46ಕ್ಕೆ ಕೂರಿಸಬೇಕು. ಎರಡು ಕಾಲಿನ ಹೊತ್ತು ಸಮ ಆಗುವ ತನಕ ಏರಿಸಬಾರದು. ಆಮೇಲೆ ಏರಿಸಿದರೂ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ, ಅಂದರೆ 46 ಇದ್ದದ್ದು 49 ಅಥವಾ 50. ದಿನಕ್ಕೆ ಎರಡು ಸಲ, ಹದಿನೈದು ನಿಮಿಷ. ನಾವು ಏಕತಾಳವನ್ನೇ ಹಿಡಿದೆವು, ಪೆಟ್ಟಿಗೊಂದು ಹೆಜ್ಜೆ. ಎರಡು ತಿಂಗಳಿಗೆ 72ಕ್ಕೆ ಬಂದೆ.

ಒಂದು ದಿನ ಸುಮ್ನೆ ಕುತೂಹಲಕ್ಕೆ ತ್ರಿವುಡೆ ತಾಳ ಹಾಕಿಸಿದೆ. ಅದರ ಒಂದು ಸುತ್ತಿಗೆ ಏಳು ಅಕ್ಷರ, ಅಂದರೆ ಏಳು ಎಣಿಕೆ, ಏಳು ಹೆಜ್ಜೆ. ಮನುಷ್ಯನಿಗೆ ಕಾಲು ಎರಡು. ಹಾಗಾಗಿ ಮೊದಲ ಪೆಟ್ಟು ಒಂದು ಸುತ್ತಿಗೆ ಬಲಗಾಲಿಗೆ ಬಿದ್ದರೆ ಮುಂದಿನ ಸುತ್ತಿಗೆ ಎಡಗಾಲಿಗೆ. ಸೋಮಾರಿ ಕಾಲಿಗೂ ಸರದಿ ತಪ್ಪುವುದಿಲ್ಲ. ಇದು ಯಾವ ಡಾಕ್ಟರೂ ಹೇಳಿದ್ದಲ್ಲ, ನನ್ನದೇ ಕಿತಾಪತಿ. ನಡಿಗೆ ಗಟ್ಟಿಯಾದ ಮೇಲೆ ಮಾತ್ರ ಮಾಡಿದ್ದು.

ತಾಳಕ್ಕೆ ನಡೆಸುವ ಈ ಚಿಕಿತ್ಸೆಯನ್ನು 1990ರ ದಶಕದಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಮೈಕೆಲ್ ಥಾಟ್ ಮತ್ತು ಅವರ ಜೊತೆಗಾರರು ಅಳೆದು ನೋಡಿ ರೂಪಿಸಿದರು. ಕೈ ನಡುಗುವ, ನಡಿಗೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಇರುವವರಿಗೂ ಇದನ್ನು ಮಾಡಿಸುತ್ತಾರೆ. ಪೆಟ್ಟು ಕೇಳಿದ ಮೇಲೆ ಕಾಲು ಎತ್ತುವುದಲ್ಲ. ಮುಂದಿನ ಪೆಟ್ಟು ಯಾವಾಗ ಅಂತ ಮೆದುಳಿಗೆ ಮೊದಲೇ ಅಂದಾಜಿರುತ್ತದೆ, ಕಾಲು ಅದಕ್ಕೆ ಸಜ್ಜಾಗುತ್ತದೆ. ಮದ್ದಳೆಗಾರನಿಗೆ ಇದು ಹೊಸತಲ್ಲ. ಹಾಡುವ ಭಾಗವತರ ಜಾಗಟೆ ಬೀಳುವ ಮೊದಲೇ ನಮ್ಮ ಕೈ ಮೇಲೆ ಎದ್ದಿರುತ್ತದೆ, ಅಲ್ವಾ?

ಕೈಯ ಕಥೆ ಅಷ್ಟು ಚಂದ ಇಲ್ಲ. ಮದ್ದಳೆಯ ಎಡಕ್ಕೆ ಅಂಗೈ ಇಡುವುದರಿಂದ ಶುರು ಮಾಡಿದೆ. ಮದ್ದಳೆಯ ಒಂದು ಗುಣ ಏನೆಂದರೆ ಅದು ಸುಳ್ಳು ಹೇಳುವುದಿಲ್ಲ. ಪೆಟ್ಟು ಎಷ್ಟು ತಡವಾಯಿತು, ಎಷ್ಟು ಮೆತ್ತಗಾಯಿತು ಅಂತ ಕಿವಿಗೆ ಆಗಲೇ ತಿಳಿಯುತ್ತದೆ. ಅಂಗೈ ತಿರುಗಿ ಬಂತು. ಬೆರಳುಗಳು ಪೂರ್ತಿ ಬರಲಿಲ್ಲ, ಇವತ್ತಿಗೂ ಇಲ್ಲ.

ಇನ್ನು ಧ್ಯಾನ. ಹಗಲು ಹೇಗೋ ಕಳೆಯುತ್ತಿತ್ತು, ರಾತ್ರಿ ಮಾತ್ರ ಹೆದರಿಕೆ. ಇನ್ನೊಂದು ಸಲ ಸ್ಟ್ರೋಕ್ ಆದರೆ? ಗಡಿ ಬೇರೆ ಮುಚ್ಚಿದೆ. ಮನಸ್ಸನ್ನು ಖಾಲಿ ಮಾಡಿ ಕೂರಿ ಅಂತ ಯಾರೋ ಹೇಳಿದರು. ಕಣ್ಣು ಮುಚ್ಚಿದರೆ ಖಾಲಿಯಾದ ಜಾಗಕ್ಕೆ ಅದೇ ಯೋಚನೆ ಬಂದು ಕೂರುತ್ತಿತ್ತು. ಎದೆ ಡವಗುಟ್ಟುತ್ತಿತ್ತು. ನಾಲ್ಕು ದಿನಕ್ಕೆ ಬಿಟ್ಟೆ.

ಆಮೇಲೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು, ಕಣ್ಣು ಅರ್ಧ ತೆರೆದು ಕೂತೆ. ಸೆಕೆಂಡಿಗೊಂದರಂತೆ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಷಡ್ಜದಲ್ಲಿ, ಅಂದರೆ 'ಸ' ಸ್ವರದಲ್ಲಿ, 'ಮ್' ಅಂತ ಹೊರಗೆ. ಹಾಗೆ ಮಾಡಿದರೆ ನಿಮಿಷಕ್ಕೆ ಆರು ಉಸಿರು. ಮನಸ್ಸಿಗೆ ಒಂದೇ ಕೆಲಸ, ನನ್ನ ಸ್ವರ ಶ್ರುತಿಗೆ ಸೇರಿದೆಯಾ ಅಂತ ನೋಡುವುದು. ಯೋಚನೆ ಬಂದರೆ ಸ್ವರ ಜಾರುತ್ತದೆ, ಜಾರಿದ್ದು ಕೇಳಿಸುತ್ತದೆ, ವಾಪಸು ಬರುತ್ತೇವೆ. ಶುರುವಿಗೆ ಐದು ನಿಮಿಷ, ಈಗ ಇಪ್ಪತ್ತು.

ಈ ಆರರ ಲೆಕ್ಕಕ್ಕೆ ಆಧಾರವಿದೆ. 2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಜೊತೆಗಾರರು 23 ಆರೋಗ್ಯವಂತರಿಂದ ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಇಳಿಯಿತು. ಬಿಪಿ ಏರಿಳಿತಕ್ಕೆ ಹೃದಯ ಸ್ಪಂದಿಸುವ ರೀತಿಯೂ ಸುಧಾರಿಸಿತು. ನನ್ನ ಮೆಷಿನ್‌ನಲ್ಲಿ ಧ್ಯಾನಕ್ಕೆ ಕೂರುವ ಮೊದಲು ಬಿಪಿ 148 ಇದ್ದದ್ದು ಎದ್ದ ಮೇಲೆ 138 ಆದದ್ದುಂಟು. ಮರುದಿನ ಬೆಳಿಗ್ಗೆ ಮತ್ತೆ ಮೊದಲಿನ ಹಾಗೆ. ಆದ್ದರಿಂದ ಬಿಪಿ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ಯಾವುದನ್ನೂ ಬಿಟ್ಟಿಲ್ಲ. ನಿದ್ದೆ ಮಾತ್ರ ಬಂತು, ಅದು ನನಗೆ ದೊಡ್ಡದು.

ನಡುವೆ ಒಬ್ಬರು ರೋಗಕ್ಕೊಂದು ರಾಗ ಅಂತ ಪೆನ್‌ಡ್ರೈವ್ ಮಾರಿದರು, 1,500 ರೂಪಾಯಿಗೆ. ಬಿಪಿಗೆ ಒಂದು ರಾಗ, ಸಕ್ಕರೆ ಕಾಯಿಲೆಗೆ ಇನ್ನೊಂದು. ಮಾತ್ರೆ ಪಟ್ಟಿಯ ಹಾಗೆ ರಾಗದ ಪಟ್ಟಿ. ಕೇಳಲು ಇಂಪಾಗಿತ್ತು, ಇಲ್ಲ ಅನ್ನುವುದಿಲ್ಲ. ಕಾಲಿಗೆ ಏನೂ ಆಗಲಿಲ್ಲ. ಕೂತು ಕೇಳಿದರೆ ಕಾಲು ನಡೆಯುತ್ತದಾ?

ದಿನಕ್ಕೆ ಎರಡು ಸಲ ತಾಳ ಹಾಕಿ ಹೆಂಡತಿಗೆ ಕೈ ನೋವು ಬಂತು. ಆಚೆಮನೆಯವರು "ಮಾಷ್ಟ್ರೇ, ದಿನಾ ಭಜನೆಯಾ?" ಅಂತ ಕೇಳಲು ಶುರು ಮಾಡಿದರು. ಕೊನೆಗೆ ಮಗ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ. ಈಗಲೂ ಬೆಳಿಗ್ಗೆ ಅದನ್ನೇ ಹಾಕಿಕೊಂಡು ನಡೆಯುತ್ತೇನೆ. ಅದರಲ್ಲಿ ನಾಲ್ಕನೇ ನಿಮಿಷಕ್ಕೆ ಕುಕ್ಕರ್ ಕೂಗುತ್ತದೆ. ಒಂಬತ್ತನೇ ನಿಮಿಷಕ್ಕೆ ಹೆಂಡತಿ ತಾಳ ನಿಲ್ಲಿಸದೆ, "ಅಡಿಕೆ ಮೆಟ್ಟೆಡಿ!" (ತುಳಿಯಬೇಡಿ) ಅಂತ ಕೂಗುತ್ತಾಳೆ. ಆ ಅಡಿಕೆ ಮಾರಿ ಎಷ್ಟೋ ಕಾಲವಾಯಿತು. ಆದರೂ ಆ ಮಾತು ಬಂದ ಕೂಡಲೇ ನನ್ನ ಎಡಗಾಲು ಒಂದಿಷ್ಟು ಮೇಲೆ ಏಳುತ್ತದೆ.