ಟರ್ಬೊ ಸೋರಿದರೆ ಸೀಲನ್ನು ಬೈಯುವ ಮೊದಲು: 13ಬಿ ರೋಟರಿಗೆ ಆಯಿಲ್ ವಾಪಸು ಪೈಪು ಕೂರಿಸಿದ್ದು

ಎಕ್ಸಾಸ್ಟಿನ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ತುಂಬುವ ಟರ್ಬೊ ನೀಲಿ ಹೊಗೆ ಉಗುಳಿತೆಂದರೆ ಎಲ್ಲರ ಬೆರಳೂ ಸೀಲಿನ ಕಡೆಗೇ. ಸಾಮಾನ್ಯ ಟರ್ಬೊದೊಳಗೆ ರಬ್ಬರ್ ಸೀಲೇ ಇರುವುದಿಲ್ಲ. ಶಾಫ್ಟಿನ ತುದಿಗಳಲ್ಲಿ ಪಿಸ್ಟನ್ ರಿಂಗಿನಂಥ ಸಣ್ಣ ಉಂಗುರಗಳಿವೆ, ಅಷ್ಟೇ. ಗಾಳಿಯನ್ನು ತಡೆಯುವುದು ಅವುಗಳ ಕೆಲಸ. ತುಂಬಿ ನಿಂತ ಆಯಿಲನ್ನು ತಡೆಯಲಾರವು. ಟರ್ಬೊದಿಂದ ಆಯಿಲನ್ನು ಎಂಜಿನ್ನಿಗೆ ಮರಳಿಸುವ ವಾಪಸು ಪೈಪು ಸರಿಯಿಲ್ಲದಿದ್ದರೆ ಹೊಚ್ಚಹೊಸ ಟರ್ಬೊನೂ ಸೋರುತ್ತದೆ.

ನಮ್ಮದು ಮಜ್ದಾ 13ಬಿ (ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ರೋಟರಿ ಎಂಜಿನ್), ಸ್ವಂತ ಕಟ್ಟುತ್ತಿರುವ ಎರಡು ಸೀಟಿನ ವಿಮಾನಕ್ಕೆ. ಬೆಳಗಾವಿಯ ಉದ್ಯಮಬಾಗದ ಶೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲೆ ಓಡಿಸಿ ಸರಿಮಾಡಿದ್ದು.

ಒಳಗೆ ಹೋಗುವ ಆಯಿಲಿಗೆ ಪಂಪಿನ ಒತ್ತಡವಿದೆ, ಸಣ್ಣ ಪೈಪು ಸಾಕು. ಬೇರಿಂಗ್ ದಾಟಿ ಬಂದದ್ದಕ್ಕೆ ಒತ್ತಡವಿಲ್ಲ, ಮೇಲಾಗಿ ಗಾಳಿ ಬೆರೆತು ಬುರುಗಾಗಿರುತ್ತದೆ. ಬೆಲ್ಲದ ಕಡಾಯಿಯ ಬುರುಗಿನ ಹಾಗೆ ಇದಕ್ಕೂ ಇದ್ದಷ್ಟು ಜಾಗ ಸಾಲದು. ಅದಕ್ಕೇ ಹೊರವ್ಯಾಸ 19 ಮಿ.ಮೀ., ದಪ್ಪ 1.2 ಮಿ.ಮೀ. ಇರುವ ಸ್ಟೇನ್‌ಲೆಸ್ ಪೈಪು ಹಾಕಿದೆವು, ಒಳಗೆ 16.6 ಮಿ.ಮೀ. ಸಿಗುತ್ತದೆ. ಬಾಗಿಸುವಾಗ ಒಣ ಮರಳು ತುಂಬಿ ಎರಡೂ ಬಾಯಿ ಮುಚ್ಚಬೇಕು, ಇಲ್ಲದಿದ್ದರೆ ಬಾಗಿನಲ್ಲೇ ಚಪ್ಪಟೆಯಾಗುತ್ತದೆ. ಆಮೇಲೆ ಒಂದು ಕಾಳು ಮರಳೂ ಉಳಿಯದಂತೆ ತೊಳೆಯಿರಿ. ಪೈಪನ್ನು ಬೋಲ್ಟಿನಿಂದ ಕೂರಿಸುವ ಫ್ಲ್ಯಾಂಜಿಗೆ ಸಿಲಿಕಾನ್ ಅಂಟು ಬೇಡವೇ ಬೇಡ: ಬಿಗಿದಾಗ ಒಳಕ್ಕೆ ಉಬ್ಬಿ ಅರ್ಧ ಬಾಯಿ ಮುಚ್ಚುತ್ತದೆ. ಗ್ಯಾಸ್ಕೆಟ್ ಸಾಕು, ಅದರ ತೂತು ಪೈಪಿನ ತೂತಿಗಿಂತ ಕಿರಿದಿರಬಾರದು.

ಇಷ್ಟಾದರೂ ಪೂರ್ತಿ ಥ್ರಾಟಲ್‌ನಲ್ಲಿ ಹೊಗೆ ನಿಲ್ಲಲಿಲ್ಲ. ಕಾರಣ ಸಂಪಿನೊಳಗಿತ್ತು, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ. ಟರ್ಬೊದ ಬಾಯಿಗೂ ಸಂಪಿನ ಬಾಯಿಗೂ ಎತ್ತರದ ಅಂತರ 100 ಮಿ.ಮೀ. ಅಷ್ಟುದ್ದದ ಬರೀ ಆಯಿಲ್ ಸುಮಾರು 85 ಮಿ.ಮೀ. ನೀರಿನಷ್ಟು ತೂಗುತ್ತದೆ; ಅರ್ಧ ಗಾಳಿಯಿದ್ದ ಬುರುಗಾದರೆ 40ರ ಆಸುಪಾಸು. ಅಂದರೆ ಸಂಪಿನಲ್ಲಿ 40 ಮಿ.ಮೀ. ನೀರಿನಷ್ಟು ಒತ್ತಡ ಎದ್ದರೂ ಬುರುಗು ಕೆಳಗಿಳಿಯದೆ ನಿಲ್ಲುತ್ತದೆ. ಆಯಿಲ್ ತುಂಬುವ ಬಾಯಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದನ್ನು ಜೋಕಾಲಿಯ ಹಾಗೆ ಇಳಿಬಿಟ್ಟು ನೀರು ಹಾಕಿ ನೋಡಿದರೆ ಎರಡು ಬದಿಯ ಮಟ್ಟದಲ್ಲಿ 55 ಮಿ.ಮೀ. ವ್ಯತ್ಯಾಸ! ಸಂಪಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು 10 ಮಿ.ಮೀ. ಇತ್ತು. 19ಕ್ಕೆ ಬದಲಿಸಿದ ಮೇಲೆ ನೀರಿನ ಮಟ್ಟದ ವ್ಯತ್ಯಾಸ 10 ಮಿ.ಮೀ.ಗೆ ಇಳಿಯಿತು, ಹೊಗೆಯೂ ನಿಂತಿತು. ಟರ್ಬೊ ಬಿಚ್ಚಲೇ ಇಲ್ಲ.

ವಿಮಾನದಲ್ಲಿ ಬ್ರೀದರಿನ ತುದಿ ಎದುರುಗಾಳಿಗೆ ಮುಖ ಮಾಡಿದರೆ ಗಾಳಿ ಒಳನುಗ್ಗಿ ಇದೇ ತೊಂದರೆ ಮತ್ತೆ ಶುರು. ಮೇಲೆ ಚಳಿಯಲ್ಲಿ ಆವಿ ಹೆಪ್ಪುಗಟ್ಟಿ ತುದಿ ಮುಚ್ಚಬಹುದು. ಅದಕ್ಕೇ ಕೌಲಿಂಗಿನ (ಎಂಜಿನ್ನಿನ ಹೊದಿಕೆ) ಒಳಗೇ ಪೈಪಿಗೆ ಇನ್ನೊಂದು ಸೀಳು ಕೊಡಿ.

ವಾಪಸು ಪೈಪಿನ ಇಳಿಜಾರನ್ನು ಸ್ಟ್ಯಾಂಡ್ ಸಮತಟ್ಟಾಗಿದ್ದಾಗ ನೋಡಿ ಪ್ರಯೋಜನವಿಲ್ಲ. ಬಾಲಚಕ್ರದ ವಿಮಾನ ನೆಲದ ಮೇಲೇ ಮೂಗೆತ್ತಿ ನಿಲ್ಲುತ್ತದೆ. ನಾವು ಮೂಗನ್ನು 12 ಡಿಗ್ರಿ ಎತ್ತಿ, ಆಮೇಲೆ 10 ಡಿಗ್ರಿ ಇಳಿಸಿ, ಎರಡೂ ಸಲ ಪೈಪಿನುದ್ದಕ್ಕೂ ಲೆವೆಲ್ ಇಟ್ಟು ನೋಡಿದೆವು. ಎಲ್ಲೂ ಹೊಟ್ಟೆ ಜೋಲಬಾರದು. ಸಂಪಿನ ಬಾಯಿ ಎರಡೂ ಓರೆಯಲ್ಲಿ ಆಯಿಲ್ ಮಟ್ಟದ ಮೇಲೇ ಇರಬೇಕು. ಟರ್ಬೊ ಸಂಪಿಗಿಂತ ಕೆಳಗಿದ್ದರೆ ಆಯಿಲನ್ನು ಎಳೆದು ವಾಪಸು ಕಳಿಸುವ ಸ್ಕ್ಯಾವೆಂಜ್ ಪಂಪ್ ಬೇಕೇ ಬೇಕು. ಬುರುಗನ್ನೂ ಎಳೆಯಬೇಕಾದ್ದರಿಂದ ಆಯಿಲಿನ ಹರಿವಿಗಿಂತ ಎರಡು ಮೂರು ಪಟ್ಟು ದೊಡ್ಡದನ್ನೇ ಆರಿಸಿ.

ರೋಟರಿಯ ಎಕ್ಸಾಸ್ಟ್ ಕಾವು ಪಿಸ್ಟನ್ ಎಂಜಿನ್ನಿಗಿಂತ ಹೆಚ್ಚು. ಪೈಪಿಗೆ ಫೈರ್ ಸ್ಲೀವ್ (ಬೆಂಕಿ ತಡೆಯುವ ಹೊದಿಕೆ), ಎಕ್ಸಾಸ್ಟಿಗೂ ಪೈಪಿಗೂ ನಡುವೆ ಒಂದು ತಗಡಿನ ಅಡ್ಡಿ ಇರಲಿ. ರಬ್ಬರ್ ಹೋಸ್ ನಮ್ಮಲ್ಲಿ ಮೂರೇ ಓಟಕ್ಕೆ ಗಟ್ಟಿಯಾಗಿ ಬಿರಿಯಿತು.

ಇನ್ನೊಂದು ಮಾತು. ರೋಟರಿ ತಾನೇ ಸ್ವಲ್ಪ ಆಯಿಲ್ ಸುಡುವ ಎಂಜಿನ್, ಎಲ್ಲ ಹೊಗೆಯೂ ಟರ್ಬೊದ್ದಲ್ಲ. ಟರ್ಬೈನ್, ಅಂದರೆ ಟರ್ಬೊದ ಎಕ್ಸಾಸ್ಟ್ ಕಡೆ, ಬಿಚ್ಚಿ ನೋಡಿ: ಒಳಬರುವ ಬಾಯಿ ಒಣಗಿದ್ದು ಹೊರಬಾಯಿ ಮಾತ್ರ ಒದ್ದೆಯಿದ್ದರೆ ಟರ್ಬೊ, ಒಳಬಾಯಿಯೂ ಒದ್ದೆಯಿದ್ದರೆ ಎಂಜಿನ್. ಎಂಜಿನ್ನಿಗೆ ಗಾಳಿ ತಳ್ಳುವ ಕಂಪ್ರೆಸರ್ ಕಡೆ ಒದ್ದೆ ಕಂಡರೆ ಮಾತ್ರ ಓಡಿಸಲೇಬೇಡಿ. ಆಯಿಲ್ ಸೇರಿದ ಗಾಳಿಯಿಂದ ಡಿಟೊನೇಷನ್ (ಇಂಧನ ಹದತಪ್ಪಿ ಸಿಡಿಯುವುದು) ಆದರೆ ಮೊದಲು ಹೋಗುವುದು ರೋಟರಿನ ಮೂಲೆಗಳ ಅಪೆಕ್ಸ್ ಸೀಲ್.

ಕೊನೆಯ ಪರೀಕ್ಷೆಯನ್ನು ಜನವರಿಯ ಬೆಳಗ್ಗೆ ಇಟ್ಟುಕೊಂಡೆವು. ಆ ಚಳಿಗೆ 20ಡಬ್ಲ್ಯು-50 ಆಯಿಲ್ ಕಾಕಂಬಿಯಂತಾಗಿರುತ್ತದೆ. ವಾಪಸು ಪೈಪನ್ನು ಸಂಪಿನ ಕಡೆ ಬಿಚ್ಚಿ, ಅಳತೆ ಡಬ್ಬಿಯೊಳಗೆ ಬಿಟ್ಟು, ಸಂಪಿನ ತೂತು ಮುಚ್ಚಿ, ಐಡಲ್‌ನಲ್ಲಿ 30 ಸೆಕೆಂಡು ಮಾತ್ರ ಓಡಿಸಿದೆವು. ಮೊದಲು ಎಳೆಎಳೆಯಾಗಿ, ಆಮೇಲೆ ಧಾರೆ ಕಡಿಯದೆ ಬಂತು. ಡಬ್ಬಿಯಲ್ಲಿ ಬಿದ್ದಷ್ಟನ್ನು ಮತ್ತೆ ಸಂಪಿಗೆ ತುಂಬಿ, ಮಟ್ಟ ನೋಡಿ, ಕ್ಲಿಪ್ ಬಿಗಿದೆವು.